ಚಿಕ್ಕ ತಳಿಯ ನಾಯಿಮರಿ ಕೊಳ್ಳುವ ಮೊದಲು: ಕಾಯಿಲೆಯನ್ನೂ ಜೊತೆಗೆ ತರದಿರುವುದು ಹೇಗೆ?

ನಮ್ಮ ಮನೆಯ ಪೊಮೆರೇನಿಯನ್‌ಗೆ ಮಗಳು ಇಟ್ಟ ಹೆಸರು ಬೆಲ್ಲಾ. ಅಮ್ಮನ ಬಾಯಲ್ಲಿ ಅದು ಮೊದಲ ದಿನವೇ ಬೆಲ್ಲ ಆಯಿತು. ಒಂದು ಭಾನುವಾರ ಬೆಳಿಗ್ಗೆ ಸುಮ್ನೆ ನೋಡಿಕೊಂಡು ಬರೋಣ ಎಂದು ಹೊರಟವರು, ಮಧ್ಯಾಹ್ನ ಊಟದ ಹೊತ್ತಿಗೆ 18,000 ರೂಪಾಯಿ ಕೊಟ್ಟು ಅವಳನ್ನು ಎತ್ತಿಕೊಂಡು ಬಂದಿದ್ದೆವು. ಐದು ತಿಂಗಳಾದಾಗ ಅವಳದ್ದೊಂದು ಆಟ ಶುರುವಾಯಿತು. ಓಡುತ್ತಾ ಓಡುತ್ತಾ ಒಂದು ಹಿಂಗಾಲು ಎತ್ತುತ್ತಿದ್ದಳು, ಕುಂಟಾಬಿಲ್ಲೆ ಆಡಿದ ಹಾಗೆ ಮೂರು ಸಲ ಕುಪ್ಪಳಿಸುತ್ತಿದ್ದಳು, ಮತ್ತೆ ಮಾಮೂಲಿಯಾಗಿ ಓಡುತ್ತಿದ್ದಳು. ನಾವು ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದೆವು. ಡಾಕ್ಟರು ಆ ವಿಡಿಯೊ ನೋಡಿ ನಗಲಿಲ್ಲ. ಮಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರು. ಮಂಡಿ ಚಿಪ್ಪು ಪಕ್ಕಕ್ಕೆ ಜಾರಿತು. ಇನ್ನೊಂದು ಕಾಲಲ್ಲೂ ಅದೇ ಕಥೆ. ಒಂದು ನಿಮಿಷವೂ ಹಿಡಿಯಲಿಲ್ಲ.

"ತಾಯಿ ನಾಯಿ ನಡೆಯೋದು ನೋಡಿದ್ರಾ?" ಎಂದು ಕೇಳಿದರು. ನಾವು ತಾಯಿಯನ್ನೇ ನೋಡಿರಲಿಲ್ಲ.

ಆಮೇಲೆ ನೆಂಟರು, ಪಕ್ಕದ ಮನೆಯವರು ಮರಿ ನೋಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗತೊಡಗಿದರು. ಹಾಗೆ ಹೋಗಿ ಹೋಗಿ ಒಂದು ಮಾತು ನನಗೆ ಖಾತ್ರಿಯಾಗಿದೆ. ಮರಿ ಮಡಿಲಿಗೆ ಬಂದ ಮೇಲೆ ಯಾರೂ ವಾಪಸ್ ಕೊಡುವುದಿಲ್ಲ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. "ಏನಾದ್ರೂ ತೊಂದರೆ ಇದ್ರೆ ತಂದು ಕೊಡಿ, ಬೇರೆ ಮರಿ ಕೊಡ್ತೀವಿ" ಎಂದು ಅವರು ಅಷ್ಟು ಧಾರಾಳವಾಗಿ ಹೇಳುವುದು ಅದಕ್ಕೇ. ಹೆಸರಿಟ್ಟು, ರಾತ್ರಿ ಹೊದಿಕೆಯೊಳಗೆ ಮಲಗಿಸಿಕೊಂಡ ಮರಿಯನ್ನು ಯಾರು ಮಿಕ್ಸಿ ಥರ ಬದಲಾಯಿಸಿಕೊಂಡು ಬರುತ್ತಾರೆ? ಹಾಗಾಗಿ ನೋಡುವುದು, ಕೇಳುವುದು, ಪರೀಕ್ಷೆ ಮಾಡಿಸುವುದು ಎಲ್ಲವೂ ದುಡ್ಡು ಕೊಡುವ ಮೊದಲೇ ಮುಗಿಯಬೇಕು. ಕೆಳಗಿನ ಹೆಜ್ಜೆಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ.

ಹೆಜ್ಜೆ 1: ಮುಖ ನೋಡುವ ಮೊದಲು ಆ ತಳಿಯ ಕಾಯಿಲೆ ತಿಳಿದುಕೊಳ್ಳಿ

"ಇದ್ದಕ್ಕಿದ್ದ ಹಾಗೆ ಕಾಯಿಲೆ ಬಂತು" ಎಂದು ಜನ ಹೇಳುವ ಎಷ್ಟೋ ತೊಂದರೆಗಳು ಆ ತಳಿಯಲ್ಲಿ ತಲೆತಲಾಂತರದಿಂದ ಇರುವಂಥವು. ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಪಗ್‌ನಿಂದ ಶುರು ಮಾಡೋಣ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡುತ್ತಿದ್ದ ಪಗ್ ನೆನಪಿದೆ ಅಲ್ವಾ? ನಮ್ಮಲ್ಲಿ ಮನೆಮನೆಗೆ ಪಗ್ ಬೇಕೆನಿಸಿದ್ದು ಆಮೇಲೆಯೇ. ಆ ಚಪ್ಪಟೆ ಮುಖ ಮುದ್ದಾಗಿದೆ, ನಿಜ. ಆದರೆ ಮೂಗಿನ ಮೂಳೆ ಗಿಡ್ಡವಾದರೂ ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕಡಿಮೆಯಾಗಿಲ್ಲ. ಮೂಗಿನ ಹೊಳ್ಳೆ ಸಣ್ಣ ಸೀಳಿನಂತಿರುತ್ತದೆ. ಬಾಯಿಯ ಮೇಲ್ಭಾಗದ ಮೆತ್ತನೆ ಅಂಗುಳ ಉದ್ದವಾಗಿ ಬೆಳೆದು ಉಸಿರಿನ ದಾರಿಗೆ ಅಡ್ಡ ಬರುತ್ತದೆ. ಅದರ ಗೊರಕೆ ಕೇಳಿ ನಾವು ನಗುತ್ತೇವೆ, ಅದಕ್ಕೆ ಮಾತ್ರ ಅದು ಉಸಿರಿನ ಕಷ್ಟ. ನಾಯಿ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಉಸಿರಿನ ದಾರಿಯೇ ಕಿರಿದಾದರೆ ಬಿಸಿ ಹೊರಗೆ ಹೋಗುವುದು ಹೇಗೆ? ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಪಗ್ ಸಾಕುವುದೆಂದರೆ ಮೂರು ತಿಂಗಳು ಅದನ್ನು ಫ್ಯಾನ್, ಏಸಿಯ ಕೆಳಗೇ ಇಟ್ಟುಕೊಳ್ಳುವ ಮಾತು. ನನ್ನನ್ನು ಕೇಳಿದರೆ ಅಲ್ಲಿ ಬೇಡವೇ ಬೇಡ. ನೆದರ್‌ಲ್ಯಾಂಡ್ಸ್ ದೇಶದಲ್ಲಂತೂ 2019ರಿಂದ ಮೂತಿಯ ಉದ್ದ ತಲೆಬುರುಡೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರುವ ನಾಯಿಗಳಿಂದ ಮರಿ ಮಾಡಿಸುವಂತಿಲ್ಲ.

ಪಗ್, ಶಿಟ್ಸು ಎರಡಕ್ಕೂ ಇನ್ನೊಂದು ದುರ್ಬಲ ಜಾಗವೆಂದರೆ ಕಣ್ಣು. ಗುಡ್ಡೆ ಹೊರಗೆ ಉಬ್ಬಿರುವುದರಿಂದ ಬೇಗ ಗೀರು ಬೀಳುತ್ತದೆ, ಹುಣ್ಣಾಗುತ್ತದೆ, ಒಣಗುತ್ತದೆ. ಜಗಳದಲ್ಲಿ ಕುತ್ತಿಗೆಯ ಚರ್ಮ ಜೋರಾಗಿ ಎಳೆದರೆ ಗುಡ್ಡೆಯೇ ಹೊರಗೆ ಜಾರಿ ಬರುವುದುಂಟು.

ಪೊಮೆರೇನಿಯನ್, ಚಿವಾವಾ, ಯಾರ್ಕಿಗಳ ತೊಂದರೆ ಬೇರೆ ಥರ. ಒಂದು, ಬೆಲ್ಲನಿಗಿದ್ದ ಮಂಡಿ ಚಿಪ್ಪು ಜಾರುವ ಸಮಸ್ಯೆ. ಡಾಕ್ಟರುಗಳು ಇದಕ್ಕೆ 1ರಿಂದ 4ರವರೆಗೆ ದರ್ಜೆ ಕೊಡುತ್ತಾರೆ. ಒಂದನೇ ದರ್ಜೆಯಲ್ಲಿ ತೂಕ ಹಿಡಿತದಲ್ಲಿಟ್ಟರೆ ಎಷ್ಟೋ ನಾಯಿಗಳು ಆಪರೇಷನ್ ಇಲ್ಲದೇ ಆರಾಮಾಗಿ ಬಾಳುತ್ತವೆ, ನಾಲ್ಕಕ್ಕೆ ಬಂದರೆ ಚಿಪ್ಪು ಯಾವಾಗಲೂ ಜಾಗ ಬಿಟ್ಟೇ ಇರುತ್ತದೆ. ಎರಡು, ಶ್ವಾಸನಾಳ ಮೆತ್ತಗಾಗಿ ಕುಸಿಯುವುದು. ಆಗ ಬಾತುಕೋಳಿ ಕೂಗಿದಂಥ ಒಣ ಕೆಮ್ಮು ಬರುತ್ತದೆ. ಇಂಥ ತಳಿಗಳಿಗೆ ಕತ್ತಿನ ಪಟ್ಟಿಗೆ ಹಗ್ಗ ಕಟ್ಟಬೇಡಿ, ಎದೆಗೆ ಹಾಕುವ ಹಾರ್ನೆಸ್ ಬಳಸಿ. ಮೂರು, ಹಾಲುಹಲ್ಲು ಬೀಳದೆ ಅದರ ಪಕ್ಕದಲ್ಲೇ ಹೊಸ ಹಲ್ಲು ಹುಟ್ಟುವುದು. ಕಡೆಯದೇ ಸಾಮಾನ್ಯ ತೊಂದರೆ, ಭಯ ಬೇಡ, ಆದರೆ ಕೀಳಿಸಬೇಕಾಗುತ್ತದೆ.

ಒಂದು ಅಡ್ಡ ಮಾತು. ನಮ್ಮೂರುಗಳಲ್ಲಿ ಪೊಮೆರೇನಿಯನ್ ಎಂದು ಸಾಕಿಕೊಂಡು ಬಂದ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಅದು ಪೊಮೆರೇನಿಯನ್‌ಗಿಂತ ದೊಡ್ಡದು, ನಮ್ಮ ಹವೆಗೆ ಒಗ್ಗಿದ್ದು. ಅಜ್ಜಿ ಮನೆಯಲ್ಲಿ ಅನ್ನ ಮೊಸರು ತಿಂದು ಬದುಕಿದ "ಪಮ್ಮಿ" ಬಹುಶಃ ಅದೇ. ಮೊದಲ ಸಲ ನಾಯಿ ಸಾಕುವವರಿಗೆ ನಾನು ಧೈರ್ಯವಾಗಿ ಹೇಳುವ ತಳಿ ಅದು.

ಡ್ಯಾಶ್‌ಹುಂಡ್ ಬೇಕೆನ್ನುವವರು ಬೆನ್ನುಹುರಿಯ ಬಗ್ಗೆ ಓದಿಕೊಳ್ಳಿ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ ಹಿಂಗಾಲು ಸೋತು ಹೋಗುವುದು ಈ ತಳಿಯಲ್ಲಿ ತೀರಾ ಸಾಮಾನ್ಯ. ಮಹಡಿ ಮೆಟ್ಟಿಲಿನ ಮನೆಯಾದರೆ ಎರಡು ಸಲ ಯೋಚಿಸಿ. ಕವಾಲಿಯರ್ ತಳಿಗೆ ಹೃದಯದ ಕವಾಟದ ಕಾಯಿಲೆ. ಯಾರ್ಕಿ, ಮಾಲ್ಟೀಸ್ ಮರಿಗಳಲ್ಲಿ ಹುಟ್ಟಿನಿಂದಲೇ ಲಿವರ್‌ನ ರಕ್ತನಾಳ ದಾರಿ ತಪ್ಪಿರಬಹುದು. ಕರುಳಿನಿಂದ ಬಂದ ರಕ್ತ ಲಿವರ್‌ನಲ್ಲಿ ಸೋಸಿ ಹೋಗುವ ಬದಲು ನೇರವಾಗಿ ಮೈಗೆ ಸೇರುತ್ತದೆ. ಊಟವಾದ ಮೇಲೆ ಮರಿ ಮಂಕಾಗಿ, ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುವುದು, ಅದೇ ವಯಸ್ಸಿನ ಮರಿಗಳಿಗಿಂತ ಕುಳ್ಳಗಾಗಿ ಉಳಿಯುವುದು ಇದರ ಗುರುತು.

ಹೆಜ್ಜೆ 2: "ಟೀಕಪ್" ಎಂಬ ಮಾತು ಕೇಳಿದರೆ ಫೋನ್ ಇಡಿ

ಟೀಕಪ್ ಎಂಬ ತಳಿಯೇ ಇಲ್ಲ. ಯಾವ ದೊಡ್ಡ ಕೆನಲ್ ಕ್ಲಬ್ಬೂ ಅದನ್ನು ತಳಿಯೆಂದು ಒಪ್ಪಿಲ್ಲ. ಸೂಲಿನಲ್ಲಿ ಎಲ್ಲಕ್ಕಿಂತ ಸೊರಗಿದ ಮರಿಗಳನ್ನು ಆರಿಸಿ ಒಂದಕ್ಕೊಂದು ಕೂಡಿಸಿ, ಇನ್ನೂ ಸಣ್ಣ ಮರಿ ಮಾಡಿಸಿ, ಜಾಸ್ತಿ ಬೆಲೆಗೆ ಮಾರುವ ದಾರಿ ಇದು. ಕೆಲವು ಕಡೆ ವಯಸ್ಸು ತುಂಬದ ಮರಿಯನ್ನೇ ಟೀಕಪ್ ಎಂದು ಕೊಡುತ್ತಾರೆ. ಇಂಥ ಮರಿಗಳ ನೆತ್ತಿಯ ಮೂಳೆ ಕೂಡದೆ ಮೆತ್ತಗೆ ಉಳಿಯುವುದು, ತಲೆಯಲ್ಲಿ ನೀರು ತುಂಬುವುದು, ಸೋಫಾದಿಂದ ಜಿಗಿದರೆ ಮುಂಗಾಲು ಮುರಿಯುವುದು ಇದ್ದದ್ದೇ. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಹೆಜ್ಜೆ 3: ಫೋನಿನಲ್ಲೇ ಜರಡಿ ಹಿಡಿಯಿರಿ

ನೇರವಾಗಿ ಹೋಗಿ ಮರಿ ನೋಡಿದರೆ ಮನಸ್ಸು ಸೋಲುತ್ತದೆ. ಆದ್ದರಿಂದ ಮೊದಲು ಫೋನಿನಲ್ಲಿ ಕೇಳಿ. ಮರಿ ಹುಟ್ಟಿದ ತಾರೀಕು ಯಾವುದು? ತಾಯಿ ನಿಮ್ಮ ಹತ್ತಿರವೇ ಇದೆಯಾ, ಬಂದರೆ ನೋಡಬಹುದಾ? ತಾಯಿಗೆ ಇದು ಎಷ್ಟನೇ ಸೂಲು? ಬ್ರೀಡರ್ ಆಗಿ ನೋಂದಣಿ ಆಗಿದೆಯಾ? ನಮ್ಮ ಡಾಕ್ಟರಿಗೆ ತೋರಿಸಿ ಆಮೇಲೆ ದುಡ್ಡು ಕೊಟ್ಟರೆ ಆಗುತ್ತಾ?

ಈ ಪ್ರಶ್ನೆಗಳ ಹಿಂದೆ ಕಾನೂನಿನ ಬೆಂಬಲವೂ ಇದೆ. ಕೇಂದ್ರ ಸರ್ಕಾರ 2017ರಲ್ಲಿ ನಾಯಿ ಸಾಕಿ ಮಾರುವವರಿಗಾಗಿಯೇ ನಿಯಮ ತಂದಿದೆ. ಅದರ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. 8 ವಾರ ತುಂಬದ ಮರಿ ಮಾರುವಂತಿಲ್ಲ. ಮಾರುವ ಮರಿಗೆ ಮೈಕ್ರೋಚಿಪ್ (ಚರ್ಮದಡಿ ಕೂರಿಸುವ, ಗುರುತಿನ ಸಂಖ್ಯೆಯಿರುವ ಪುಟ್ಟ ಚಿಪ್) ಹಾಕಿಸಿರಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಮರಿ ಮಾಡಿಸುವಂತಿಲ್ಲ, ಜೀವಮಾನದಲ್ಲಿ 5 ಸೂಲು ದಾಟುವಂತಿಲ್ಲ. ಪೆಟ್ ಶಾಪ್‌ಗಳಿಗೆ 2018ರ ಬೇರೆ ನಿಯಮವಿದೆ, ಅವರೂ ನೋಂದಾಯಿಸಬೇಕು.

ನೀವು ಫೋನ್ ಮಾಡುವ ಹತ್ತು ಜನರಲ್ಲಿ ಎಷ್ಟು ಜನ ಇದನ್ನೆಲ್ಲ ಪಾಲಿಸುತ್ತಾರೆ ಎಂದು ನೀವೇ ನೋಡಿ. ನೋಂದಣಿ ಸಂಖ್ಯೆ ಕೇಳಿದ ಕೂಡಲೇ "ಸಾರ್, ನೀವು ತಗೊಳ್ಳೋರ ಥರ ಕಾಣಲ್ಲ" ಎಂದು ನನಗೇ ಒಬ್ಬರು ಫೋನ್ ಇಟ್ಟಿದ್ದಾರೆ. ಒಳ್ಳೆಯದೇ ಆಯಿತು, ಪೆಟ್ರೋಲ್ ಉಳಿಯಿತು.

ಬರೀ ಫೋಟೊ ಕಳಿಸಿ, ಮುಂಗಡ ಹಾಕಿ, ಮರಿಯನ್ನು ಬಸ್ಸಿಗೆ ಹಾಕಿ ಕಳಿಸ್ತೀವಿ ಎನ್ನುವವರಿಗೆ ಒಂದು ರೂಪಾಯಿಯೂ ಹಾಕಬೇಡಿ. ಎಷ್ಟೋ ಸಲ ಅಲ್ಲಿ ಮರಿಯೇ ಇರುವುದಿಲ್ಲ. ಈಗಾಗಲೇ ದುಡ್ಡು ಹಾಕಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಹೆಜ್ಜೆ 4: ನೋಡಲು ಹೋದಾಗ ಮರಿಗಿಂತ ಮೊದಲು ತಾಯಿಯನ್ನು ನೋಡಿ

ಹೊಟ್ಟೆ ತುಂಬ ಊಟ ಮಾಡಿ ಹೋಗಿ, ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಎರಡನೆಯದು ತಮಾಷೆಗೆ ಹೇಳಿದ್ದಲ್ಲ. ಮಗು "ಅಪ್ಪಾ, ಇದೇ ಬೇಕು" ಎಂದು ಕೈಯಲ್ಲಿ ಹಿಡಿದುಕೊಂಡಿತೋ, ನಿಮ್ಮ ಪಟ್ಟಿಗೆ ಬೆಲೆಯಿಲ್ಲ.

ತಾಯಿಯನ್ನು ನಾಲ್ಕು ಹೆಜ್ಜೆ ನಡೆಸಲು ಹೇಳಿ, ಸ್ವಲ್ಪ ಓಡಿಸಲು ಹೇಳಿ. ಹಿಂಗಾಲು ಎತ್ತಿ ಕುಪ್ಪಳಿಸುತ್ತಾಳಾ? ಎರಡು ನಿಮಿಷ ಆಡಿದ ಮೇಲೆ ಉಸಿರಿಗೆ ಪರದಾಡುತ್ತಾಳಾ? ಕಣ್ಣು ಒದ್ದೆ ಒದ್ದೆಯಾಗಿದೆಯಾ? ಮಂಡಿ, ಮೂಗು, ಕಣ್ಣಿನ ತೊಂದರೆಗಳು ಹೆಚ್ಚಾಗಿ ತಂದೆ ತಾಯಿಯಿಂದಲೇ ಬರುತ್ತವೆ. ಎಂಟು ವಾರದ ಮರಿಯಲ್ಲಿ ಅವು ಕಾಣದೇ ಇರಬಹುದು, ಬೆಳೆದ ತಾಯಿಯಲ್ಲಿ ಮುಚ್ಚಿಡುವುದು ಕಷ್ಟ. ಕೆಲವರು "ತಂದೆ ಚಾಂಪಿಯನ್" ಎಂದು ಫೋಟೊ ತೋರಿಸುತ್ತಾರೆ. ತೋರಿಸಲಿ. ನೀವು ತಾಯಿ ಎಲ್ಲಿ ಎಂದೇ ಕೇಳುತ್ತಿರಿ. "ತಾಯಿ ಫಾರ್ಮಲ್ಲಿದೆ", "ತಾಯಿ ಕಚ್ಚುತ್ತೆ", "ಬೇರೆಯವರದ್ದು, ನಾವು ತಂದು ಮಾರ್ತೀವಿ" ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಹೊರಡಿ. ನಮಗೆ ಸಿಕ್ಕಿದ್ದು ಎರಡನೇ ಉತ್ತರ. ನಾವು ನಂಬಿದೆವು.

ಜಾಗದ ವಾಸನೆ ನೋಡಿ. ಫಿನಾಯಿಲ್ ಘಾಟು ಮೂಗಿಗೆ ಬಡಿದರೆ ಈಗಷ್ಟೇ ಏನನ್ನೋ ತೊಳೆದಿದ್ದಾರೆ ಎಂದರ್ಥ. ಬೇರೆ ಬೇರೆ ಕಡೆಯಿಂದ ತಂದ ನಾಲ್ಕೈದು ತಳಿಯ ಮರಿಗಳನ್ನು ಒಂದೇ ಪಂಜರದಲ್ಲಿ ತುಂಬಿದ್ದರೆ ಅಲ್ಲಿ ಒಂದಕ್ಕೆ ಪಾರ್ವೋ (ವಾಂತಿ, ರಕ್ತಭೇದಿ ತರುವ ಅಂಟು ವೈರಸ್) ಬಂದರೆ ಎಲ್ಲಕ್ಕೂ ಬಂದಿದೆ ಎಂದೇ ತಿಳಿಯಿರಿ. ಸೂಲಿನ ಉಳಿದ ಮರಿಗಳ ಪೈಕಿ ಒಂದು ಮೂಲೆಯಲ್ಲಿ ಮುದುಡಿ ಕೂತಿದ್ದರೂ ನಿಮ್ಮ ಕೈಯಲ್ಲಿರುವ ಚುರುಕಿನ ಮರಿಯನ್ನೂ ಕೆಳಗಿಡಿ.

ಪಾಪ ಎನಿಸಿ ಸೊರಗಿದ ಮರಿಯನ್ನು ಕೊಳ್ಳುವವರಿದ್ದಾರೆ. ಒಳ್ಳೆಯ ಮನಸ್ಸು, ಒಪ್ಪುತ್ತೇನೆ. ಆದರೆ ಆ ದುಡ್ಡು ಹೋಗುವುದು ಮರಿಯನ್ನು ಆ ಸ್ಥಿತಿಗೆ ತಂದವರ ಜೇಬಿಗೆ, ಖಾಲಿಯಾದ ಪಂಜರಕ್ಕೆ ಮುಂದಿನ ವಾರ ಇನ್ನೊಂದು ಬರುತ್ತದೆ. ಕಾಯಿಲೆಯ ನಾಯಿಯನ್ನು ಉಳಿಸುವ ಆಸೆಯಿದ್ದರೆ ಬೆಂಗಳೂರಿನ ಕ್ಯೂಪಾದಂಥ ಸಂಸ್ಥೆಗಳಿವೆ. ಮನೆಯವರು ಕೈಬಿಟ್ಟ ಪಗ್, ಶಿಟ್ಸುಗಳೂ ಇಂಥ ಕಡೆ ದತ್ತು ಸಿಗುವುದುಂಟು. ಬೆಳೆದ ನಾಯಿಯಾದ್ದರಿಂದ ಅದರ ಕಾಯಿಲೆ ಏನೆಂದು ಮೊದಲೇ ಗೊತ್ತಿರುತ್ತದೆ.

ಹೆಜ್ಜೆ 5: ತಲೆಯಿಂದ ಬಾಲದವರೆಗೆ ನೀವೇ ಒಂದು ಸಲ ನೋಡಿ

ಇದು ಡಾಕ್ಟರ ಪರೀಕ್ಷೆಗೆ ಬದಲಿಯಲ್ಲ. ಡಾಕ್ಟರ ತನಕ ಒಯ್ಯಬಹುದೇ ಇಲ್ಲವೇ ಎಂದು ತಿಳಿಯಲು, ಹತ್ತು ನಿಮಿಷದ ಕೆಲಸ. ಮರಿ ನಿದ್ದೆಯಿಂದ ಈಗಷ್ಟೇ ಎದ್ದಿದ್ದರೆ ಐದು ನಿಮಿಷ ಬಿಡಿ, ಮಂಪರಿನಲ್ಲಿ ಎಲ್ಲ ಮರಿಯೂ ಸಪ್ಪಗೇ ಇರುತ್ತದೆ.

ಮೊದಲು ನೆಲಕ್ಕೆ ಬಿಟ್ಟು ದೂರ ಕೂತು ನೋಡಿ. ನೇರವಾಗಿ ನಡೆಯುತ್ತದೆಯಾ, ತಲೆ ಒಂದು ಕಡೆ ವಾಲಿಸುತ್ತದೆಯಾ, ಒಂದೇ ಕಡೆಗೆ ಸುತ್ತು ಹೊಡೆಯುತ್ತದೆಯಾ? ಅದು ಬೇರೆ ಕಡೆ ನೋಡುತ್ತಿರುವಾಗ ಹಿಂದಿನಿಂದ ಚಪ್ಪಾಳೆ ತಟ್ಟಿ. ಬಿಳಿ ಬಣ್ಣ ಜಾಸ್ತಿಯಿರುವ, ನೀಲಿ ಕಣ್ಣಿನ ಮರಿಗಳಲ್ಲಿ ಇದನ್ನು ಮರೆಯಲೇಬೇಡಿ. ಮರ್ಲ್ ಎಂಬ ಚುಕ್ಕೆ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದಾಗ ಕಿವುಡು, ಕುರುಡು ಮರಿಗಳು ಹುಟ್ಟುವ ಅಪಾಯವಿದೆ. ಅಪರೂಪದ ಬಣ್ಣವೆಂದು ಜಾಸ್ತಿ ದುಡ್ಡು ಕೇಳುವಾಗ ಇದು ನೆನಪಿರಲಿ.

ಆಮೇಲೆ ಎತ್ತಿಕೊಳ್ಳಿ. ನೆತ್ತಿಯ ಮೇಲೆ ಬೆರಳಾಡಿಸಿ, ಮೆತ್ತನೆ ಕುಳಿ ಸಿಗುತ್ತದೆಯಾ ನೋಡಿ. ಚಿವಾವಾ ಮರಿಗಳಲ್ಲಿ ಸಣ್ಣ ಕುಳಿ ಇರುವುದುಂಟು, ಆದರೆ ತಲೆ ಗುಮ್ಮಟದ ಹಾಗೆ ಉಬ್ಬಿ, ಕಣ್ಣು ಹೊರಮುಖವಾಗಿದ್ದರೆ ಡಾಕ್ಟರ ಮಾತಿಲ್ಲದೆ ಮುಂದುವರಿಯಬೇಡಿ. ಕಣ್ಣಲ್ಲಿ ಹಳದಿ ಪಿಸುರು, ಮೂಗಲ್ಲಿ ಗಟ್ಟಿ ಸಿಂಬಳ ಎರಡೂ ಇದ್ದರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಇರಬಹುದೆಂಬ ಅನುಮಾನ ಬರಬೇಕು. ಚಪ್ಪಟೆ ಮುಖದ ಮರಿಯಾದರೆ ಹೊಳ್ಳೆ ತೆರೆದಿದೆಯಾ, ಬರೀ ಗೆರೆಯ ಹಾಗಿದೆಯಾ ಎಂದು ನೋಡಿ.

ತುಟಿ ಎತ್ತಿ. ವಸಡು ಗುಲಾಬಿಯಾಗಿರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಕಾಗದದಂತೆ ಬಿಳಿಯಾಗಿದ್ದರೆ ಹೊಟ್ಟೆಯಲ್ಲಿ ಕೊಕ್ಕೆಹುಳ, ಮೈಮೇಲೆ ಚಿಗಟ, ಇಲ್ಲವೇ ಉಣ್ಣಿ ಜ್ವರ, ಒಟ್ಟಿನಲ್ಲಿ ಏನೋ ರಕ್ತ ಕುಡಿಯುತ್ತಿದೆ. ಹಾಗೇ ಹಲ್ಲು ನೋಡಿ, ವಯಸ್ಸಿನ ಸುಳ್ಳು ಅಲ್ಲೇ ಸಿಕ್ಕಿಬೀಳುವುದು. ನಾಯಿಗೆ ಒಟ್ಟು 28 ಹಾಲುಹಲ್ಲು, ಎಂಟು ವಾರದ ಹೊತ್ತಿಗೆ ಸಾಮಾನ್ಯವಾಗಿ ಎಲ್ಲವೂ ಬಂದಿರುತ್ತವೆ. ತೀರಾ ಪುಟ್ಟ ತಳಿಗಳಲ್ಲಿ ಸ್ವಲ್ಪ ತಡವಾಗಬಹುದು. ಆದರೂ "ಎರಡು ತಿಂಗಳಾಗಿದೆ" ಎಂದ ಮರಿಯ ಬಾಯಲ್ಲಿ ಮುಂದಿನ ಹಲ್ಲು ಈಗಷ್ಟೇ ಮೊಳೆಯುತ್ತಿದ್ದರೆ ಅದು ತಿಂಗಳ ಕೂಸು, ತಾಯಿ ಹಾಲು ಬಿಡಿಸಿ ತಂದಿದ್ದಾರೆ.

ಹೊಟ್ಟೆ ಡೊಳ್ಳಿನಂತೆ ಉಬ್ಬಿ ಪಕ್ಕೆಲುಬು ಎದ್ದು ಕಂಡರೆ ಜಂತುಹುಳ. ಅದೊಂದೇ ತೊಂದರೆಯಾದರೆ ಔಷಧಿಯಿಂದ ವಾಸಿಯಾಗುತ್ತದೆ. ಹೊಕ್ಕುಳ ಹತ್ತಿರ ಗುಳ್ಳೆಯಿದ್ದರೆ ಹರ್ನಿಯಾ, ಸಣ್ಣದಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಂಡು ಮರಿಯಾದರೆ ಎರಡೂ ಬೀಜ ಕೆಳಗಿಳಿದಿವೆಯಾ ನೋಡಿ, ಒಂದೇ ಇದ್ದರೆ ಮುಂದೆ ಆಪರೇಷನ್ ಬೇಕಾಗಬಹುದು. ಬಾಲ ಎತ್ತಿ ನೋಡಲು ನಾಚಿಕೆ ಬೇಡ. ಅಲ್ಲಿ ಕೂದಲು ಅಂಟಿಕೊಂಡಿದ್ದರೆ, ಈಗಷ್ಟೇ ಕತ್ತರಿಸಿದಂತಿದ್ದರೆ ಭೇದಿಯಾಗಿದೆ. ಕಿವಿಯ ಅಂಚು, ಮೊಣಕೈಯಲ್ಲಿ ಕೂದಲು ಉದುರಿ ಹುರುಪೆ ಕಟ್ಟಿದ್ದರೆ ಕಜ್ಜಿ. ಅದು ಮನೆಯವರಿಗೂ ಅಂಟುತ್ತದೆ.

ಕಡೆಗೆ ಅಂಗೈಯನ್ನು ಮರಿಯ ಎದೆಯ ಎಡಕ್ಕೆ ಇಟ್ಟು ನೋಡಿ. ಬಡಿತದ ಜೊತೆ ಬೆಕ್ಕು ಗುರುಗುಟ್ಟಿದಂಥ ನಡುಕ ಕೈಗೆ ಸಿಕ್ಕಿದರೆ ಹೃದಯದಲ್ಲಿ ದೋಷವಿದೆ. ಹುಟ್ಟಿದ ಮೇಲೆ ಮುಚ್ಚಬೇಕಾದ ಒಂದು ರಕ್ತನಾಳ ತೆರೆದೇ ಉಳಿಯುವುದು ಪೊಮೆರೇನಿಯನ್, ಮಾಲ್ಟೀಸ್‌ಗಳಲ್ಲಿ ಹೆಚ್ಚು, ಅದೂ ಹೆಣ್ಣು ಮರಿಗಳಲ್ಲಿ. ಬೇಗ ಗೊತ್ತಾದರೆ ಸರಿಪಡಿಸಬಹುದು.

ಹೆಜ್ಜೆ 6: ಲಸಿಕೆ ಕಾರ್ಡನ್ನು ಪತ್ತೇದಾರನ ಥರ ಓದಿ

ನಿಜವಾದ ಕಾರ್ಡಿನಲ್ಲಿ ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸಿದ ಪುಟ್ಟ ಲೇಬಲ್ ಇರುತ್ತದೆ. ಅದರಲ್ಲಿ ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಕು ಇರುತ್ತವೆ. ಪಕ್ಕದಲ್ಲಿ ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ ಇರಬೇಕು. ಬರೀ ಪೆನ್ನಿನಲ್ಲಿ "7 ಇನ್ 1 ಆಗಿದೆ" (ಏಳು ಕಾಯಿಲೆಗೆ ಒಂದೇ ಲಸಿಕೆ) ಎಂದು ಗೀಚಿದ್ದರೆ ಲಸಿಕೆ ಆಗಿಲ್ಲವೆಂದೇ ಲೆಕ್ಕ ಹಿಡಿಯಿರಿ. ಬ್ರೀಡರ್ ತಾನೇ ಚುಚ್ಚಿದ್ದರೂ ನಂಬುವುದು ಕಷ್ಟ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಸ್ಕೂಟರ್ ಡಿಕ್ಕಿಯಲ್ಲಿ ಬಂದ ಲಸಿಕೆ ಬರೀ ನೀರು.

"ಎಲ್ಲಾ ಇಂಜೆಕ್ಷನ್ ಮುಗಿದಿದೆ" ಎಂಬ ಮಾತು ಎರಡು ತಿಂಗಳ ಮರಿಯ ವಿಷಯದಲ್ಲಿ ನಿಜವಾಗಲು ಸಾಧ್ಯವೇ ಇಲ್ಲ. ಮೊದಲ ಡೋಸ್ 6ರಿಂದ 8 ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವ ತನಕ ಹಾಕಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಯಾಕೆ ಇಷ್ಟು ಸಲ ಎಂದರೆ, ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆಯನ್ನೇ ಅದು ಹೊಡೆದು ಹಾಕುತ್ತದೆ. ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆ ಎಂದು ಹೇಳಲಾಗದು.

ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಸರ್ಟಿಫಿಕೇಟ್ ಬಗ್ಗೆ ಒಂದೇ ಮಾತು: ಅದು ವಂಶಾವಳಿ. ಮರಿಯ ಅಜ್ಜ ಯಾರು ಎಂದು ಹೇಳುತ್ತದೆ, ಆರೋಗ್ಯವಾಗಿದೆ ಎಂದು ಹೇಳುವುದಿಲ್ಲ.

ಹೆಜ್ಜೆ 7: ಡಾಕ್ಟರು ಮೊದಲು, ದುಡ್ಡು ಆಮೇಲೆ

ಮಾರುವವರು ಒಪ್ಪಿದರೆ ಅವರನ್ನೂ ಕರೆದುಕೊಂಡೇ ನಿಮ್ಮ ಡಾಕ್ಟರ ಹತ್ತಿರ ಹೋಗಿ. ಅವರು ಹೇಳಿದ ಡಾಕ್ಟರು ಬೇಡ. ನಿಮ್ಮೂರಲ್ಲಿ ಪರಿಚಯದ ಡಾಕ್ಟರಿಲ್ಲದಿದ್ದರೆ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಸುಮ್ನೆ "ನೋಡಿ ಡಾಕ್ಟ್ರೇ" ಎನ್ನದೆ ಇಂತಿಂಥದ್ದು ನೋಡಿ ಎಂದು ಕೇಳಿ. ಹೃದಯದ ಸದ್ದು, ಎರಡೂ ಮಂಡಿ, ಬಾಯಿಯ ಮೇಲ್ಭಾಗದಲ್ಲಿ ಸೀಳು ಇದೆಯಾ ಎಂಬುದು, ಜ್ವರ, ಮಲ ಪರೀಕ್ಷೆ. ಮರಿಯ ಮೈ ಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಮಾಮೂಲು, ಮುಟ್ಟಿದರೆ ನಮಗೆ ಜ್ವರ ಬಂದಂತೆ ಅನಿಸುತ್ತದೆ ಅಷ್ಟೇ. ಸ್ವಲ್ಪವೂ ಅನುಮಾನವಿದ್ದರೆ ಪಾರ್ವೋ ಕಿಟ್ ಟೆಸ್ಟ್ ಮಾಡಿಸಿ, ಹತ್ತು ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೈಕ್ರೋಚಿಪ್ ಇದೆ ಎಂದಿದ್ದರೆ ಸ್ಕ್ಯಾನರ್ ಹಿಡಿಸಿ, 15 ಅಂಕಿಯ ಸಂಖ್ಯೆ ಕಾಗದದಲ್ಲಿದ್ದದ್ದೇ ಹೌದಾ ನೋಡಿ.

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮರಿಯ ತಳಿ, ಹುಟ್ಟಿದ ತಾರೀಕು, ಚಿಪ್ ಸಂಖ್ಯೆ, ಬೆಲೆ, ಇಷ್ಟು ದಿನದೊಳಗೆ ಪಾರ್ವೋ, ಡಿಸ್ಟೆಂಪರ್ ಬಂದರೆ ಅಥವಾ ಹುಟ್ಟಿನಿಂದ ಬಂದ ದೋಷ ಕಂಡರೆ ಚಿಕಿತ್ಸೆಯ ಖರ್ಚು ಯಾರದ್ದು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಿ. "ಬೇರೆ ಮರಿ ಕೊಡ್ತೀವಿ" ಎಂಬ ಸಾಲು ನಿಮಗೆ ಉಪಯೋಗಕ್ಕೆ ಬರಲ್ಲ, ಖರ್ಚಿನ ಸಾಲು ಬರೆಸಿ. ದುಡ್ಡನ್ನು ಯುಪಿಐ ಅಥವಾ ಬ್ಯಾಂಕಿನ ಮೂಲಕವೇ ಕೊಡಿ.

ಹೆಜ್ಜೆ 8: ಮೊದಲ ಹದಿನಾಲ್ಕು ದಿನ

ಇಷ್ಟೆಲ್ಲ ಮಾಡಿದರೂ ಒಂದು ಗಂಡಾಂತರ ಉಳಿದೇ ಇರುತ್ತದೆ. ಪಾರ್ವೋ ವೈರಸ್ ಮೈಗೆ ಸೇರಿದ ಮೇಲೆ ಕಾಯಿಲೆ ತೋರಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು, ಕೆಲವೊಮ್ಮೆ ಎರಡು ವಾರ. ಡಿಸ್ಟೆಂಪರ್ ಅದಕ್ಕಿಂತ ನಿಧಾನ. ಅಂದರೆ ಶನಿವಾರ ಕುಣಿದಾಡುತ್ತಾ ಬಂದ ಮರಿ ಬುಧವಾರ ಮಲಗಬಹುದು. ಅದಕ್ಕೇ ಈ ಎರಡು ವಾರ ಮನೆಯಲ್ಲಿ ಮದುವೆ ಮುಂಜಿ ಇಟ್ಟುಕೊಳ್ಳಬೇಡಿ, ಊರಿಗೆ ಹೊರಡಬೇಡಿ.

ದಿನಾ ಬೆಳಿಗ್ಗೆ ಅಡುಗೆಮನೆ ತಕ್ಕಡಿಯಲ್ಲಿ ಮರಿಯ ತೂಕ ಬರೆದಿಡಿ. ತೂಕ ಎರಡು ದಿನ ಏರದೆ ನಿಂತರೆ ಅಥವಾ ಇಳಿದರೆ ಫೋನ್ ಮಾಡಿ. ಮೊದಲು ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರ ಕೊಡಿ, ಆಮೇಲೆ ನಿಧಾನಕ್ಕೆ ಬದಲಾಯಿಸಿ. ಹಸುವಿನ ಹಾಲು ಬೇಡ, ಭೇದಿಯಾದಾಗ ಅದು ಹಾಲಿನದ್ದೋ ವೈರಸ್ಸಿನದ್ದೋ ಗೊತ್ತಾಗದೆ ಒದ್ದಾಡುತ್ತೀರಿ. ಲಸಿಕೆ ಮುಗಿಯುವ ತನಕ ಬೀದಿಯ ನೆಲಕ್ಕೆ, ಪಾರ್ಕಿಗೆ ಬಿಡಬೇಡಿ.

ತೀರಾ ಪುಟ್ಟ ಮರಿಗಳ ದೊಡ್ಡ ಶತ್ರು ಹಸಿವು. ಅವುಗಳ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಡಿಮೆ. ನಾಲ್ಕೈದು ಗಂಟೆ ತಿನ್ನದಿದ್ದರೆ, ಚಳಿಯಾದರೆ, ನೆಂಟರ ಮಕ್ಕಳೆಲ್ಲ ಸೇರಿ ಎತ್ತಾಡಿ ಸುಸ್ತು ಮಾಡಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮರಿ ತೂರಾಡುತ್ತದೆ, ಕಣ್ಣು ಶೂನ್ಯವಾಗುತ್ತದೆ, ಫಿಟ್ಸ್ ಬರಬಹುದು. ಆಗ ಬೆರಳಿಗೆ ಜೇನುತುಪ್ಪ ಅಥವಾ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ಹಚ್ಚಿ ವಸಡಿಗೆ ಉಜ್ಜಿ, ಬಟ್ಟೆ ಸುತ್ತಿ ಬೆಚ್ಚಗೆ ಮಾಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಪ್ರಜ್ಞೆಯಿಲ್ಲದ ಮರಿಯ ಬಾಯಿಗೆ ನೀರು ಹಾಲು ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೂರು ತಿಂಗಳ ತನಕ ದಿನಕ್ಕೆ ನಾಲ್ಕು ಸಲವಾದರೂ ಊಟ, ರಾತ್ರಿ ಮಲಗುವ ಮುಂಚೆ ಒಂದು ಸಲ, ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ. ಒಂದು ಕಿಲೋ ತೂಗದ ಮರಿಗಾದರೆ ರಾತ್ರಿ ಅಲಾರಂ ಇಟ್ಟು ಎದ್ದರೂ ತಪ್ಪಿಲ್ಲ.

ವಾಂತಿ ಒಂದು ಸಲವಾದರೆ ಕಾದು ನೋಡಬಹುದು. ಎರಡು ಸಲವಾಗಿ ಊಟ ಬಿಟ್ಟರೆ ಕಾಯಬೇಡಿ. ಕೆಟ್ಟ ನಾತದ, ರಕ್ತ ಬೆರೆತ ಭೇದಿ ಕಂಡರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಪಾರ್ವೋಗೆ ವೈರಸ್ ಕೊಲ್ಲುವ ಮಾತ್ರೆಯಿಲ್ಲ, ಡ್ರಿಪ್ ಹಾಕಿ ನೀರು, ಲವಣ ತುಂಬುತ್ತಾ ಮರಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಚಿಕ್ಕ ಮೈಯಲ್ಲಿ ನೀರೂ ಚಿಕ್ಕದೇ, ಅರ್ಧ ದಿನ ತಡವಾದರೆ ಆಟ ಮುಗಿದಿರುತ್ತದೆ. ಮನೆಯಲ್ಲಿರುವ ಮನುಷ್ಯರ ಮಾತ್ರೆ, ನೋವಿನ ಮಾತ್ರೆಗಳನ್ನಂತೂ ಮುಟ್ಟಲೇಬೇಡಿ.

ಹಿಂದೆ ಮನೆಯಲ್ಲಿ ಪಾರ್ವೋ ಬಂದು ಮರಿ ಹೋಗಿದ್ದರೆ ಇನ್ನೊಂದು ತರಲು ಅವಸರ ಬೇಡ. ಆ ವೈರಸ್ ತಿಂಗಳುಗಟ್ಟಲೆ ನೆಲದಲ್ಲಿ ಬದುಕಿರುತ್ತದೆ, ಮಾಮೂಲಿ ಸೋಪಿಗೆ ಬಗ್ಗುವುದಿಲ್ಲ. ಬ್ಲೀಚ್ ಬೆರೆಸಿದ ನೀರಿನಲ್ಲಿ ತೊಳೆಯಬೇಕು.

ಹೆಜ್ಜೆ 9: ತೊಂದರೆ ಕಂಡೇಬಿಟ್ಟರೆ

ಮೊದಲು ಮರಿ, ಆಮೇಲೆ ಜಗಳ. ಆದರೆ ಚಿಕಿತ್ಸೆ ನಡೆಯುತ್ತಿರುವಾಗಲೇ ಕಾಗದ ಸೇರಿಸುತ್ತಾ ಹೋಗಿ: ಬಿಲ್ಲು, ಟೆಸ್ಟ್ ರಿಪೋರ್ಟ್, ಇದು ಹುಟ್ಟಿನಿಂದ ಬಂದದ್ದೋ ಕೊಳ್ಳುವ ಮೊದಲೇ ಅಂಟಿದ್ದೋ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ, ವಾಟ್ಸಾಪ್ ಮಾತುಕತೆ, ಮೊದಲಿನ ಜಾಹೀರಾತಿನ ಸ್ಕ್ರೀನ್‌ಶಾಟ್. ಮಾರಿದವರಿಗೆ ಫೋನಿನಲ್ಲಿ ಕೂಗಾಡುವುದಕ್ಕಿಂತ ಬರೆದು ಕಳಿಸಿ.

ಮಾತು ಬಗೆಹರಿಯದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದರಾಚೆಗೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ನೋಂದಣಿ ಇಲ್ಲದೆ ಮಾರುತ್ತಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಗೂ ಬರೆಯಿರಿ. ನಾಯಿ ವಿಮೆ ನಂಬಿ ಕೂರಬೇಡಿ. ಮೊದಲೇ ಇದ್ದ ಕಾಯಿಲೆ, ಹುಟ್ಟಿನ ದೋಷಗಳನ್ನು ಅವು ಸಾಮಾನ್ಯವಾಗಿ ಹೊರಗಿಡುತ್ತವೆ, ಪಾಲಿಸಿಯ ಸಣ್ಣ ಅಕ್ಷರ ಓದಿಯೇ ಕಟ್ಟಿ.

ಇನ್ನೊಂದು ಕೆಲಸವನ್ನು ಯಾರೂ ಮಾಡುವುದಿಲ್ಲ, ನಾವೂ ಮಾಡಿರಲಿಲ್ಲ. ಕೊಳ್ಳುವಾಗಲೇ ಅದೇ ಸೂಲಿನ ಉಳಿದ ಮರಿಗಳನ್ನು ಯಾರು ಒಯ್ದರೆಂದು ಕೇಳಿ, ಒಬ್ಬರದಾದರೂ ನಂಬರ್ ಇಟ್ಟುಕೊಳ್ಳಿ. ಒಂದು ಮರಿಗೆ ಪಾರ್ವೋ ಬಂದರೆ ಅವರಿಗೂ ಒಂದು ದಿನ ಮೊದಲೇ ಗೊತ್ತಾಗುತ್ತದೆ. ದೂರು ಕೊಡುವಾಗ ಎರಡು ಮನೆಯ ಬಿಲ್ಲು ಒಟ್ಟಿಗಿದ್ದರೆ ಅದರ ತೂಕವೇ ಬೇರೆ. ಬೆಲ್ಲನ ತಂಗಿಯೊಬ್ಬಳು ನಮ್ಮಿಂದ ಮೂರು ಬೀದಿಯಾಚೆ ಇದ್ದಾಳೆಂದು ನಮಗೆ ತಿಳಿದದ್ದು ಒಂದು ವರ್ಷದ ನಂತರ, ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ. ಅವರೂ ಮಂಡಿ ತೋರಿಸಲು ಬಂದಿದ್ದರು.